ಮೈಭಾರದ ಮಾತು

ಟೋಕಿಯೋದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಎರಡು ಕೊರಗು ಖಾಯಂ. ಒಂದು, ಒಳ್ಳೆ ತೆಂಗಿನಕಾಯಿ ಸಿಗಲ್ಲ. ಇನ್ನೊಂದು, ಹೆಗಲು ಬಿಗಿತ. ಎರಡನೆಯದಕ್ಕೆ ಶಿಯಾತ್ಸು, ಅಂದರೆ ಬೆರಳಿನಿಂದ ಒತ್ತುವ ಜಪಾನಿ ಮಸಾಜ್, ಮಾಡಿಸಿಕೋ ಎಂದು ಆಫೀಸಿನ ಗೆಳೆಯ ಹೇಳಿದ.

ಮಸಾಜ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಹರಳೆಣ್ಣೆ, ಸೀಗೆಪುಡಿ, ಹಂಡೆ ನೀರು. ಹೆಂಡತಿ ಹಳೇ ಲುಂಗಿ, ಹಳೇ ಟವೆಲ್ ಎರಡನ್ನೂ ಕವರಿಗೆ ತುರುಕಿದಳು. "ಬರೀ ಹೊಟ್ಟೇಲಿ ಹೋಗ್ಬೇಡಿ" ಅಂತ ಬಿಸಿಬೇಳೆಬಾತ್ ಬಡಿಸಿದಳು. ಮೇಲೊಂದು ಸೌಟು ತುಪ್ಪ.

ಅಲ್ಲಿ ಎಣ್ಣೆಯ ಸುಳಿವೇ ಇಲ್ಲ. ಬಟ್ಟೆ ಬಿಚ್ಚುವುದೂ ಬೇಡವಂತೆ. ನೆಲದ ಮೇಲೆ ತೆಳ್ಳನೆ ಹಾಸಿಗೆ, ಮೈಮೇಲೆ ಸಡಿಲ ಬಟ್ಟೆ ಇದ್ದರೆ ಸಾಕು. ನನ್ನ ಪ್ಯಾಂಟ್ ಬಿಗಿ ಎಂದು ಅವರೇ ಪೈಜಾಮ ಕೊಟ್ಟರು. ಅದರ ಲಾಡಿ ನನ್ನ ಹೊಟ್ಟೆಯನ್ನು ಸುತ್ತಿ ಬರಲು ಒಪ್ಪಲೇ ಇಲ್ಲ. ಕೊನೆಗೆ ಲುಂಗಿಯೇ ಮಾನ ಕಾಪಾಡಿತು.

ಒತ್ತುವವರು ವಯಸ್ಸಾದ, ಸಣಕಲು ಹೆಂಗಸು. ಇವರು ಒತ್ತಿದರೆ ನನಗೇನು ಗೊತ್ತಾದೀತು ಅಂದುಕೊಂಡೆ. ಗೊತ್ತಾಯಿತು. ಶಿಯಾತ್ಸುವಿನಲ್ಲಿ ತೋಳಿನ ಬಲದ ಲೆಕ್ಕವೇ ಇಲ್ಲ. ಹೆಬ್ಬೆರಳನ್ನೋ ಅಂಗೈಯನ್ನೋ ನೇರವಾಗಿ ಇಟ್ಟು, ತಮ್ಮ ಮೈಭಾರವನ್ನು ಅದರ ಮೇಲೆ ಮೆಲ್ಲಗೆ ವಾಲಿಸುತ್ತಾರೆ. ಕೆಲವು ಸೆಕೆಂಡು ಹಾಗೇ ಹಿಡಿದು ಬಿಡುತ್ತಾರೆ. ಅಷ್ಟೂ ಭಾರ ಒಂದು ಬೆರಳ ತುದಿಯಿಂದ ಇಳಿದರೆ ಹೇಗಿರುತ್ತೆ? "ಅಯ್ಯಮ್ಮಾ" ಅಂದೆ.

ಅಮ್ಮನನ್ನು ಕರೆದದ್ದು ಸರಿಯಾಗೇ ಇತ್ತು. ಈ ವಿದ್ಯೆಗೆ ಹೆಸರು ತಂದ ತೊಕುಜಿರೊ ನಾಮಿಕೊಶಿ ಶುರು ಮಾಡಿದ್ದೇ ಅಮ್ಮನಿಂದ. ಅವರಿಗೆ 7 ವರ್ಷವಿದ್ದಾಗ ಮನೆಯವರು ಶಿಕೊಕು ದ್ವೀಪ ಬಿಟ್ಟು ಉತ್ತರದ ಚಳಿಯ ಹೊಕ್ಕೈಡೋಗೆ ಹೋದರು. ತಾಯಿಗೆ ಕೀಲುನೋವು ಬಂತು. ಹುಡುಗ ಒತ್ತಿ ಒತ್ತಿ, ಎಲ್ಲಿ ಒತ್ತಿದರೆ ಆರಾಮ ಎಂದು ಕಲಿತ. 1925ರಲ್ಲಿ ಹೊಕ್ಕೈಡೋದಲ್ಲೇ ಚಿಕಿತ್ಸಾಲಯ ತೆರೆದರು, 1940ರಲ್ಲಿ ಟೋಕಿಯೋದಲ್ಲಿ ಶಾಲೆ. 1954ರಲ್ಲಿ ಜಪಾನಿಗೆ ಬಂದ ಮರ್ಲಿನ್ ಮನ್ರೋಗೂ ಇವರೇ ಒತ್ತಿದ್ದು. ನಮ್ಮ ಕಡೆ ತಾತನ ಕಾಲು ತುಳಿಯದ ಮೊಮ್ಮಗ ಯಾರಿದ್ದಾನೆ ಹೇಳಿ? ನಮಗೆ ನಾಲ್ಕಾಣೆ ಸಿಕ್ಕಿತು. ಅವರಿಗೆ ಮನ್ರೋ.

ಆಮೇಲೆ ಅಂಗಾತ ಮಲಗಿಸಿದರು. ಶಿಜುತೊ ಮಸುನಾಗ ಎಂಬ ಇನ್ನೊಬ್ಬ ಶಿಯಾತ್ಸು ಗುರು ಬೆಳೆಸಿದ ಪದ್ಧತಿಯಲ್ಲಿ ಹೊಟ್ಟೆ ಒತ್ತಿ ನೋಡಿಯೇ ಮೈಯ ಹದ ತಿಳಿಯುತ್ತಾರಂತೆ. ಆಕೆ ಕಣ್ಮುಚ್ಚಿ ಅಂಗೈ ಇಟ್ಟರು. ಬಿಸಿಬೇಳೆಬಾತ್ ಜೋರಾಗಿ ಉತ್ತರ ಕೊಟ್ಟಿತು. ಪಕ್ಕದ ಪರದೆಯ ಹಿಂದೆ ಯಾರೋ ಕೆಮ್ಮಿದರು. ಆಕೆ ಮಾತ್ರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಕಾಲಿನ ಕಡೆ ಸರಿದರು.

ಮೈಯಲ್ಲಿ ಹರಿಯುವ ಶಕ್ತಿ, ಅದರ ದಾರಿಗಳು ಅಂತೆಲ್ಲ ಹೇಳುತ್ತಾರೆ. ಅದಕ್ಕೆ ಗಟ್ಟಿ ವೈಜ್ಞಾನಿಕ ಆಧಾರವಿಲ್ಲ, ನಾನೂ ನಂಬಲಿಲ್ಲ. ಆದರೆ ಹೆಗಲು ಹಗುರಾದದ್ದು ಸುಳ್ಳಲ್ಲ.

ಮನೆಗೆ ಬಂದು ಬಣ್ಣಿಸಿದ್ದೇ ತಡ, "ಇಷ್ಟೇನಾ? ನಾನೇ ಮಾಡ್ತೀನಿ" ಎಂದಳು ಹೆಂಡತಿ. ಜಪಾನಿನಲ್ಲಿ ಇದಕ್ಕೆ ಕನಿಷ್ಠ 3 ವರ್ಷ ಓದಿ, ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಅವಳಿಗೆ ಒಂದು ವಿಡಿಯೋ ಸಾಕಾಯಿತು. ಚಪಾತಿ ಹಿಟ್ಟು ನಾದಿದ ಹಾಗೆ ಬೆನ್ನು ನಾದತೊಡಗಿದಳು.

"ಬಲ ಹಾಕ್ಬೇಡ ಮಾರಾಯ್ತಿ" ಎಂದೆ. "ನಿನ್ನ ಭಾರ ಬಿಟ್ರೆ ಸಾಕು."

ಕೈ ನಿಂತಿತು.

"ನಾನು ಅಷ್ಟೊಂದು ಭಾರ ಇದ್ದೀನಾ?"

ಶಿಯಾತ್ಸುವಿನಲ್ಲಿ ಮೊಣಕೈಯನ್ನೂ ಬಳಸುತ್ತಾರೆ. ಆ ವಿಷಯ ಅವಳಿಗೆ ನಾನಂತೂ ಹೇಳಿರಲಿಲ್ಲ.