ಹಿತ್ತಲಿನಲ್ಲಿ ಹುಟ್ಟಿದ ಕಲ್ಲುಗಳು

ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಒಂದು ದೊಡ್ಡ ಗುಂಪಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ ಧಾರವಾಡ. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅಂಥ ಜಿಲ್ಲೆಯಲ್ಲಿ, ಹುಬ್ಬಳ್ಳಿಯ ಅಂಚಿನ ನಮ್ಮ ಮನೆಯಲ್ಲಿ, ನಮ್ಮ ಮನೆಯವರು ಸಿಮೆಂಟಿನಿಂದ ಕಲ್ಲು ತಯಾರಿಸಲು ಹೊರಟರು. ಗೇಟಿನಿಂದ ಕರಿಬೇವಿನ ಗಿಡದವರೆಗೆ ದಾರಿ ಆಗಬೇಕು, ನೋಡಿದವರೆಲ್ಲ ಅದನ್ನು ನಿಜವಾದ ಕಲ್ಲುಹಾಸು ಎಂದೇ ನಂಬಬೇಕು.

“ಶಹಾಬಾದ್ ಫರಸಿ ಹಾಕಿಸಿದರೆ ಆಗದೇನು?” ಎಂದರು ಅತ್ತೆ.

“ಅದನ್ನು ಊರೆಲ್ಲ ಹಾಕಿಸಿದೆ, ಅವ್ವಾ.”

ಕೊರಿಯರ್‌ನಲ್ಲಿ ಪ್ಲಾಸ್ಟಿಕ್ಕಿನ ಚೌಕ ಅಚ್ಚು ಬಂದಿತು. ಅದರೊಳಗೆ ಸೊಟ್ಟಪಟ್ಟ ಮನೆಗಳು. ನೆಲದ ಮೇಲೆ ಇಟ್ಟು, ಸಿಮೆಂಟು, ಉಸುಕು, ಸಣ್ಣ ಖಡಿ ಕಲಸಿದ್ದನ್ನು ತುಂಬಿ, ಕರಣೆಯಿಂದ ನುಣುಪು ಮಾಡಿ ಅಚ್ಚು ಎತ್ತಿದರೆ ಕಲ್ಲು ತಯಾರು. ಕಂಪೌಂಡ್ ಗೋಡೆ ಕಟ್ಟಲು ಬಂದಿದ್ದ ಗೌಂಡಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತ, “ನೀರು ಹೆಚ್ಚಾಯಿತು, ಸಾಹೇಬರೇ” ಎಂದ. ಸಾಹೇಬರು ಮೊಬೈಲಿನ ವಿಡಿಯೋ ತೋರಿಸಿದರು. ಅಚ್ಚು ಎತ್ತಿದೊಡನೆ ಕಲ್ಲುಗಳೆಲ್ಲ ಒಂದನ್ನೊಂದು ಅಪ್ಪಿಕೊಂಡು ಒಂದೇ ಸಂಸಾರವಾದವು.

ನೀರು ಕಡಿಮೆಯಾದ ಮೇಲೆ ಕೆಲಸ ಸಾಗಿತು. ಆದರೆ ಅಚ್ಚನ್ನು ಪ್ರತಿ ಸಲವೂ ಕಾಲು ಸುತ್ತು ತಿರುಗಿಸಿ ಇಡಬೇಕೆಂಬ ಮಾತು ವಿಡಿಯೋದ ಕೊನೆಗೆ ಇತ್ತು. ಇವರು ಅಲ್ಲಿಯವರೆಗೆ ನೋಡಿರಲಿಲ್ಲ. ಹೀಗಾಗಿ ಎರಡೆರಡು ಅಡಿಗೆ ಅದೇ ಮೂರು ಮೂಲೆಯ ಕಲ್ಲು, ಅದರ ಎಡಕ್ಕೆ ಅದೇ ಡೊಂಕು ಕಲ್ಲು.

“ನಿಸರ್ಗದಲ್ಲಿ ಇಷ್ಟೊಂದು ಅವಳಿಜವಳಿ ಹುಟ್ಟುವುದಿಲ್ಲ, ಸಾಹೇಬರೇ,” ಎಂದ ಗೌಂಡಿ.

ಸಿಮೆಂಟು ಗಟ್ಟಿಯಾಗಲು ಕನಿಷ್ಠ 7 ದಿನ ಹಸಿಯಾಗಿರಬೇಕಂತೆ. ಗೋಣಿಚೀಲ ಹೊದಿಸಿ ನೀರುಣಿಸುವ ಕೆಲಸ ನನ್ನ ಪಾಲಿಗೆ ಬಂದಿತು. ನಳದ ನೀರು ದಿನವೂ ಬಾರದ ಊರಿನಲ್ಲಿ, ಬಟ್ಟೆ ಒಗೆಯಲು ಇಟ್ಟ ನೀರನ್ನು ಕಲ್ಲಿಗೆ ಕುಡಿಸುವ ಹೆಂಗಸಿನ ಬಗ್ಗೆ ಓಣಿ ಏನು ಮಾತನಾಡಿಕೊಂಡಿತೋ ಕೇಳಲು ನಾನು ಹೋಗಲಿಲ್ಲ.

ಬಣ್ಣದ್ದು ಇನ್ನೊಂದು ಕಥೆ. ಕಲಸುವಾಗ ಹಾಕಿದ ಕಂದು ಬಣ್ಣದ ಪುಡಿ ಹಸಿಯಿದ್ದಾಗ ಗಂಭೀರವಾಗಿಯೇ ಕಂಡಿತು. ಒಣಗಿದ ಮೇಲೆ ಸಿಮೆಂಟಿನೊಳಗಿನ ಸುಣ್ಣದ ಅಂಶ ನೀರಿನೊಡನೆ ಮೇಲೆದ್ದು ಬಿಳಿ ಪುಡಿಯಾಗಿ ಕುಳಿತಿತು. ಗೇಟಿನಿಂದ ಕರಿಬೇವಿನವರೆಗೆ ಸಕ್ಕರೆಯಲ್ಲಿ ಹೊರಳಿಸಿದ ಧಾರವಾಡ ಪೇಡೆ ಹಾಸಿದಂತೆ ಕಾಣಿಸಿತು. ಸಕ್ಕರೆ ಕಾಯಿಲೆಯ ಅತ್ತೆ ಅದನ್ನು ನೋಡಿ ನಿಟ್ಟುಸಿರುಬಿಟ್ಟರು.

ಮುಂದಿನದನ್ನು ನಮ್ಮ ಎರೆಮಣ್ಣು ನೋಡಿಕೊಂಡಿತು. ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬುವ ಈ ಮಣ್ಣಿನ ಮೇಲೆ ಏನನ್ನೇ ಹಾಸಬೇಕಾದರೂ ಮೊದಲು ಅಗೆದು ಗರಸು ತುಂಬಿ ಧಮ್ಮಸು ಮಾಡಬೇಕು. ಗೌಂಡಿ ಅದನ್ನೂ ಹೇಳಿದ್ದ. ಮೃಗಶಿರಾ ಮಳೆ ಹೊಡೆದ ಮೇಲೆ ಅರ್ಧ ದಾರಿ ಎದ್ದಿತು, ಉಳಿದರ್ಧ ವಾಲಿತು. ಈಗ ಒಂದು ಕಲ್ಲಿನಂತೆ ಇನ್ನೊಂದಿಲ್ಲ.

“ನೋಡು, ಎಷ್ಟು ಸಹಜವಾಗಿದೆ!” ಎಂದು ಇವರು ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳುಹಿಸಿದರು. ಲಕ್ಕುಂಡಿಯ ಗುಡಿಗಳನ್ನು ನೋಡಿ ಬಂದಿದ್ದ ನನ್ನ ತಮ್ಮ, “ಉತ್ಖನನ ಯಾವಾಗ ಮುಗಿಯುತ್ತದೆ, ಭಾವಾ?” ಎಂದು ಉತ್ತರಿಸಿದ.

ನಿನ್ನೆ ಪಕ್ಕದ ಮನೆಯ ಕಾಕು ಬಂದು ಅಚ್ಚು ಕೇಳಿದರು. ನಮ್ಮ ಇಡ್ಲಿ ಪಾತ್ರೆ, ಏಣಿ ಎರಡನ್ನೂ ಒಯ್ದು ಇಂದಿಗೂ ಹಿಂದಿರುಗಿಸದವರು ಅವರು. ಇವರು ಸ್ನಾನಕ್ಕೆ ಹೋಗಿದ್ದರು. ಅಚ್ಚನ್ನು ಒರೆಸಿ, ಚೀಲಕ್ಕೆ ಹಾಕಿ, ಉಳಿದ ಬಣ್ಣದ ಪುಡಿಯನ್ನೂ ಸೇರಿಸಿ ಅವರ ಕೈಗಿಟ್ಟು, “ಅವಸರವೇನಿಲ್ಲ, ಕಾಕು” ಎಂದೆ.