ಸಿಂಹಗಡ, ತೋರಣಾ ಒಂದೇ ಅಲ್ಲ
ಮಹಾರಾಷ್ಟ್ರದ ಚಾರಣಗಳ ಬಗೆಗಿನ ನಿಮ್ಮ ಲೇಖನದಲ್ಲಿ ಸಿಂಹಗಡ, ತೋರಣಾ ಕೋಟೆಗಳು, ಕಳಸೂಬಾಯಿ ಶಿಖರ ಮೂರಕ್ಕೂ 'ಸುಲಭ' ಅಂತ ಬರೆದದ್ದು ಸರಿಯಲ್ಲ ಸರ್. ಸಿಂಹಗಡವನ್ನು ನಮ್ಮ ಪುಣೆಯ ಅಜ್ಜ-ಅಜ್ಜಿಯರೂ ಭಾನುವಾರ ಬೆಳಿಗ್ಗೆ ಹತ್ತುತ್ತಾರೆ. ಮೇಲೆ ಪಿಠಲ-ಭಾಕರಿ (ನಮ್ಮ ಜುಣಕ-ರೊಟ್ಟಿನೇ ಅನ್ನಿ), ಕುಡಿಕೆ ಮೊಸರು ಸಿಗುತ್ತೆ. ತೋರಣಾ ಮಾತೇ ಬೇರೆ. 1,403 ಮೀಟರ್ ಎತ್ತರ. ಬುಡದ ವೇಲ್ಹೆ ಊರಿಂದ ಏರು ಶುರುವಾದರೆ ನೆರಳು ಕಮ್ಮಿ, ಕೋಟೆಯ ಬಿನಿ ದರವಾಜಾ (ಬಾಗಿಲು) ಹತ್ತಿರ ಕಡಿದಾದ ಬಂಡೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಸವೆದ ಶೂ ನಿಲ್ಲೋದೇ ಇಲ್ಲ, ಕಬ್ಬಿಣದ ಕಂಬಿ ಹಿಡಿದೇ ಹೆಜ್ಜೆ ಇಡಬೇಕು. ಕಳಸೂಬಾಯಿ 1,646 ಮೀಟರ್, ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ. ಏಣಿಗಳಿವೆ ನಿಜ, ರಜೆ ದಿನ ಅವಕ್ಕೂ ಕ್ಯೂ! ಮಕ್ಕಳನ್ನ ಕರ್ಕೊಂಡು ರಾಜಗಡ ಕೋಟೆಗೆ ಹೋಗೋರು ಪಾಲಿ ದರವಾಜಾ ದಾರಿ ಹಿಡೀರಿ, ಅಗಲವಾದ ಮೆಟ್ಟಿಲಿವೆ. ಗುಂಜವಣೆ ಊರಿನ ಕಡೆಯ ಚೋರ ದರವಾಜಾ ಬೇಡ.