ಎರಡನೇ ಮಾತ್ರೆ ರಾತ್ರಿಗಲ್ಲ, ಮಧ್ಯಾಹ್ನಕ್ಕೆ

ಎದೆನೋವು ಬಾರದಂತೆ ತಡೆಯುವ ಐಸೊಸಾರ್ಬೈಡ್ ಮಾನೊನೈಟ್ರೇಟ್ ಬಗ್ಗೆ ಲೇಖನದಲ್ಲಿ ‘ದಿನಕ್ಕೆ ಎರಡು ಬಾರಿ’ ಎಂದಷ್ಟೇ ಬರೆದಿದ್ದೀರಿ. ಔಷಧ ಅಂಗಡಿಯಲ್ಲಿ ನಿಂತು ನೋಡುವ ನನಗೆ ಅಲ್ಲೇ ಅಳುಕು. ಎರಡು ಬಾರಿ ಎಂದರೆ ನಮ್ಮವರಿಗೆ ಬೆಳಿಗ್ಗೆ ಮತ್ತು ರಾತ್ರಿ ಊಟದ ನಂತರ. ಈ ಸಾದಾ ಮಾತ್ರೆಗೆ ಆ ಲೆಕ್ಕ ನಡೆಯದು. ಎರಡರ ನಡುವೆ ಸುಮಾರು 7 ಗಂಟೆ, ಅಂದರೆ ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಇನ್ನೊಂದು. ರಾತ್ರಿಯಿಡೀ ದೇಹಕ್ಕೆ ಬಿಡುವು ಸಿಗದಿದ್ದರೆ ರಕ್ತನಾಳಗಳು ಔಷಧಕ್ಕೆ ಒಗ್ಗಿಕೊಂಡು, ಮಾತ್ರೆ ನುಂಗಿಯೂ ಉಪಯೋಗವಿಲ್ಲದಂತಾಗುತ್ತದೆ. ಹಿಂದೆ ಡೈನಮೈಟ್ ಕಾರ್ಖಾನೆಗಳ ಕಾರ್ಮಿಕರಿಗೆ ಸೋಮವಾರ ವಿಪರೀತ ತಲೆನೋವು ಬಂದು ವಾರದ ನಡುವೆ ಮಾಯವಾಗುತ್ತಿತ್ತು. ಭಾನುವಾರದ ರಜೆ ಮುಗಿದರೆ ಮತ್ತೆ ಹಾಜರು. ಡೈನಮೈಟ್‌ನಲ್ಲಿರುವ ನೈಟ್ರೋಗ್ಲಿಸರಿನ್‌ಗೆ ದೇಹ ಒಗ್ಗುವ ಪರಿ ಅದು; ಅದೂ ಈ ಮಾತ್ರೆಯಂತೆ ನೈಟ್ರೇಟ್ ಗುಂಪಿನದೇ. ದಿನಕ್ಕೊಮ್ಮೆಯ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಬೆಳಿಗ್ಗೆಗೇ ಮೀಸಲು. ಜಗಿಯಬಾರದು, ಪುಡಿ ಮಾಡಬಾರದು.

ಶುರುವಿನ ತಲೆನೋವಿಗೆ ಹೆದರಿ ತಾವಾಗಿಯೇ ನಿಲ್ಲಿಸುವವರು ಬಹಳ. ವೈದ್ಯರನ್ನು ಕೇಳಿ, ಥಟ್ಟನೆ ಬಿಡಬೇಡಿ. ಎದೆನೋವು ಬಂದೇಬಿಟ್ಟರೆ ಇದು ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ವೈದ್ಯರು ಬರೆದುಕೊಟ್ಟ, ನಾಲಗೆಯಡಿ ಇಡುವ ಮಾತ್ರೆಯೇ ಬೇಕು. ಕುಳಿತು ಇಟ್ಟುಕೊಳ್ಳಿ, ಐದು ನಿಮಿಷದಲ್ಲಿ ತಗ್ಗದಿದ್ದರೆ 108ಕ್ಕೆ ಕರೆ ಮಾಡಿ.

ಲೇಖನ ಸಂಕೋಚದಿಂದ ಬಿಟ್ಟದ್ದೊಂದಿದೆ: ಸಿಲ್ಡೆನಾಫಿಲ್, ಟಡಾಲಾಫಿಲ್. ಲೈಂಗಿಕ ದೌರ್ಬಲ್ಯಕ್ಕೆಂದು ಪುರುಷರು ಗುಟ್ಟಾಗಿ ಕೊಳ್ಳುವ ಈ ಮಾತ್ರೆಗಳು ನೈಟ್ರೇಟ್ ಜೊತೆ ಸೇರಿದರೆ ರಕ್ತದೊತ್ತಡ ಪ್ರಾಣಕ್ಕೆ ಅಪಾಯವಾಗುವಷ್ಟು ಕುಸಿಯಬಹುದು. ಟಡಾಲಾಫಿಲ್ ಅನ್ನು ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೂ ಕೊಡುತ್ತಾರೆ, ಹಾಗಾಗಿ ಮೂತ್ರದ ತೊಂದರೆಗೆ ತೋರಿಸುವಾಗಲೂ ಹೃದಯದ ಚೀಟಿ ಜೊತೆಗಿರಲಿ.